ಪಂಚೆಯ ಮೇಲಿನ ಅಂಕಿ

ನನ್ನ ತಮ್ಮ ತಿಮ್ಮರಾಜು ತೆಂಗಿನಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಮೇಲೆ ಅವನ ಪಾಲಿಗೆ ಪ್ರಪಂಚ ಅಂತ ಉಳಿದದ್ದು ಹೆಂಚಿನ ಮಾಡು ಒಂದೇ. ಕೂರುವಂತಿಲ್ಲ, ಮಗ್ಗುಲಾಗಬೇಕಾದರೂ ಇನ್ನೊಬ್ಬರು ಹೊರಳಿಸಬೇಕು. ಕೈ ಎರಡು ಆಡುತ್ತವೆ, ಬಾಯಿ ಆಡುತ್ತದೆ, ಅಷ್ಟೇ. ಮೈಸೂರಿನ ಡಾಕ್ಟರು ಮನೆಯಲ್ಲೇ ನೋಡಿಕೊಳ್ಳಿ ಅಂದುಬಿಟ್ಟರು. ನೋಡಿಕೊಳ್ಳುವುದು ಅಂದರೆ ಏನು ಅಂತ ನಾವು ದಿನಾ ಕಲಿತೆವು.

ನಾನು ಅವನ ಅಕ್ಕ ಜಯಲಕ್ಷ್ಮಮ್ಮ. ತೊಣ್ಣೂರಲ್ಲೇ ಹುಟ್ಟಿ ತೊಣ್ಣೂರಿಗೇ ಮದುವೆಯಾಗಿ, ಎರಡು ಬೀದಿ ಆಚೆ ಇರುವವಳು. ಅಂಗನವಾಡಿ ಟೀಚರು. ನನ್ನ ಬಾಯಿ ದೊಡ್ಡದು ಅಂತ ಊರೆಲ್ಲ ಅನ್ನುತ್ತದೆ. ಅನ್ನಲಿ ಬಿಡಿ. ತಮ್ಮನ ಮನೆಗೆ ಬಂದು "ಪಾಪ, ಎಂಗಿದ್ದ ಎಂಗಾಗ್ಬುಟ್ಟ" ಅಂತ ಅವನ ಕಿವಿಗೆ ಬೀಳುವಂತೆಯೇ ಲೊಚಗುಟ್ಟುವವರನ್ನು ಓಡಿಸುವುದಕ್ಕೆ ಆ ಬಾಯಿ ಬೇಕಿತ್ತು.

ಬೀಳುವ ಮುಂಚೆ ಅವನು ರೇಷ್ಮೆ ಹುಳು ಸಾಕುವುದರಲ್ಲಿ ಎತ್ತಿದ ಕೈ. ಹುಳುವಿಗೆ ಶಾಖ ಹದವಾಗಿರಬೇಕು. ಚಳಿಗಾಲದಲ್ಲಿ ಹುಳುಮನೆಯೊಳಗೆ ಇದ್ದಿಲೊಲೆ ಇಟ್ಟು ಕಾಯಿಸಬೇಕು, ಜಾಸ್ತಿಯಾದರೆ ಒಲೆ ಈಚೆಗೆ ತರಬೇಕು, ಗಾಳಿ ಒಣಗದಂತೆ ಕಿಟಕಿಗೆ ಗೋಣಿತಾಟು ಕಟ್ಟಿ ನೀರು ಚಿಮುಕಿಸಬೇಕು. ಬೇರೆಯವರು ಗೋಡೆಗೆ ಥರ್ಮಾಮೀಟರು ನೇತುಹಾಕುತ್ತಿದ್ದರು. ಇವನು ಶರ್ಟು ಬಿಚ್ಚಿ ಬರಿಮೈಯಲ್ಲಿ ಹುಳುಮನೆ ನಡುವೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. "ಒಂಚೂರು ಬೆಂಕಿ ತಗೀರಿ" ಅಂದರೆ ತೆಗೆಯಬೇಕು, ಅಷ್ಟೇ. ಆಚೆಮನೆ ಕುಳ್ಳಯ್ಯ ಹುಳುವಿನ ಮೊಟ್ಟೆ ತಂದಾಗಲೆಲ್ಲ ಇವನನ್ನು ಕರೆದೊಯ್ದು ತನ್ನ ಹುಳುಮನೆಯಲ್ಲಿ ನಿಲ್ಲಿಸಿಕೊಳ್ಳುತ್ತಿದ್ದ. ಬಿದ್ದ ಮೇಲೆ ಯಾರೂ ಕರೆಯಲಿಲ್ಲ. ಹೊತ್ತುಕೊಂಡು ಹೋಗಿ ನಿಲ್ಲಿಸುವುದಕ್ಕಾಗುತ್ತದೆಯೇ?

ಅವನ ಹೆಂಡತಿ ಪ್ರಮೀಳಾ ನಾಗಮಂಗಲದ ಕಡೆಯವಳು, ರಾಗಿ ಹೊಲ ಬಿಟ್ಟರೆ ಬೇರೆ ಕಂಡವಳಲ್ಲ. ಇಲ್ಲಿಗೆ ಬಂದು ಹುಳು ಕಲಿತಳು. ಹೆಂಗಸು ಬರಿಮೈಯಲ್ಲಿ ನಿಲ್ಲುವುದು ಹೇಗೆ? ಅವಳು ಮೊಣಕೈ ಒಳಭಾಗವನ್ನು ಚಾಚಿ ಗಾಳಿಗೆ ಹಿಡಿಯುತ್ತಿದ್ದಳು, ಆಮೇಲೆ ಕೆನ್ನೆ. ಗಂಡ ಮಲಗಿದ ಮೇಲೆ ಒಬ್ಬಳೇ ಎರಡು ಬೆಳೆ ತೆಗೆದಳು. ಚೆನ್ನಾಗಿಯೇ ಬಂತು. ಬಂದದ್ದೇ ತಪ್ಪಾಯಿತೇನೋ! ಇವನು ಮೂಕನಾದ. ಗೂಡು ಅಂಗೈಯಲ್ಲಿಟ್ಟು ತೋರಿಸಿದರೆ ಕಣ್ಣು ಮುಚ್ಚಿಕೊಂಡ. ಊಟ ಎರಡು ತುತ್ತಿಗೆ ನಿಂತಿತು. ಒಂದು ದಿನ ನನ್ನ ಮುಂದೆಯೇ ಅವಳಿಗೆ ಅಂದ:

"ನೀನು ನಿಮ್ಮವ್ವನ ಮನೆಗೋಗು. ಇಲ್ಲೇನದೆ, ಹೆಣ ಕಾಯ್ತೀಯಾ?"

ಅವಳು ಅಳಲಿಲ್ಲ. ತಟ್ಟೆ ಎತ್ತಿಕೊಂಡು ಈಚೆಗೆ ಬಂದು, "ಅತ್ಗೆ, ಬಯ್ಯೋದಾದ್ರೂ ಜೋರಾಗಿ ಬಯ್ಯಬಾರದಾ? ಇಂಗೆ ಮೆತ್ತಗೆ ಅಂದ್ರೆ ನಂಗೆ ಹೆದ್ರಿಕೆ ಆಯ್ತದೆ" ಅಂದಳು. ನನಗೂ ಅದೇ ಹೆದರಿಕೆಯಿತ್ತು. ಅವನು ಸಾಯುವುದಕ್ಕೆ ಕೂತಿದ್ದ, ಮಲಗಿದ್ದಲ್ಲೇ.

ತೊಂಬತ್ತೆಂಟರ ಧನುರ್ಮಾಸದಲ್ಲಿ ಜುಬೇರ್ ಬಂದ. ಪಾಂಡವಪುರದ ಹುಡುಗ, ತಮ್ಮನ ಜೊತೆ ಹೈಸ್ಕೂಲು ಓದಿದವನು. ಮುಂಚೆ ನಮ್ಮ ಗೂಡನ್ನು ಟೆಂಪೋದಲ್ಲಿ ರಾಮನಗರಕ್ಕೆ ಹೊಡೆಯುತ್ತಿದ್ದ, ಈಗ ದುಬೈಯಲ್ಲಿ ಡ್ರೈವರು. ರಜಕ್ಕೆ ಬಂದವನು ಬ್ಯಾಗಿನಿಂದ ಟಿಫಿನ್ ಡಬ್ಬಿಯಷ್ಟು ಒಂದು ಕರಿ ಗಡಿಯಾರ ತೆಗೆದ. ಅದರ ನೆತ್ತಿಯ ಮೇಲೆ ಒಂದು ಗಾಜಿನ ಕಣ್ಣು.

"ತಿಮ್ಮಣ್ಣ, ಕತ್ತು ತಿರುಗಿಸಂಗಿಲ್ಲ ಅಂದ್ರಲ್ಲ, ಅದಕ್ಕೇ ತಂದೆ. ನೀನು ಟೈಮ್ ನೋಡೋದು ಬೇಡ, ಟೈಮೇ ನಿನ್ನ ಮುಂದೆ ಬತ್ತದೆ."

ವೈರು ಪ್ಲಗ್ಗಿಗೆ ಹಾಕಿ ಕಿಟಕಿ ಮುಚ್ಚಿದ. ಮಾಡಿನ ಮೇಲೆ ಕೆಂಪು ಬೆಳಕು ಬಿತ್ತು, ಆದರೆ ಹೆಂಚು, ರೀಪು, ಜೇಡರಬಲೆ ಎಲ್ಲದರ ಮೇಲೂ ಚೂರುಚೂರಾಗಿ. ಏನೂ ಓದಲಾಗಲಿಲ್ಲ. ತಮ್ಮ ಕಣ್ಣು ಮುಚ್ಚಿಕೊಳ್ಳುವುದರಲ್ಲಿದ್ದ. ನನಗೆ ರೇಗಿತು. ಪೆಟ್ಟಿಗೆ ತೆಗೆದು ಅವನ ಮದುವೆಯ ಬಿಳಿ ಪಂಚೆ ತಂದೆ. ಜುಬೇರ್ ಮಂಚದ ಮೇಲೆ ಹತ್ತಿ ಅದರ ನಾಲ್ಕು ಮೂಲೆಯನ್ನು ತೊಲೆಗೆ ಬಿಗಿದ. ಅಂಕಿ ಬಂತು, ತಲೆಕೆಳಗಾಗಿ. ಗಡಿಯಾರವನ್ನು ಮಂಚದ ಆ ಪಕ್ಕಕ್ಕಿಟ್ಟ, ಕಣ್ಣಿನ ಸುತ್ತ ಇದ್ದ ಬಳೆ ತಿರುಗಿಸಿದ. ಗಂಟೆ, ನಿಮಿಷ, ಸ್ಪಷ್ಟವಾಗಿ ಪಂಚೆಯ ನಡುವೆ ನಿಂತಿತು. ಸ್ವಲ್ಪ ಹೊತ್ತಿಗೆ ಅದು ಹೋಗಿ ಇನ್ನೊಂದು ಅಂಕಿ ಬಂತು.

"ಇದೇನ್ಲಾ ಇದು?" ತಮ್ಮ ಕೇಳಿದ. ಎಷ್ಟೋ ದಿನದ ಮೇಲೆ ಅವನಾಗಿ ಕೇಳಿದ ಮಾತು ಅದು.

"ಅದು ಶಾಖ ಕಣಣ್ಣ." ಜುಬೇರ್ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಬಿಳಿ ಡಬ್ಬಿ ತೋರಿಸಿದ. "ಇದಕ್ಕೆ ವೈರಿಲ್ಲ, ಬರೀ ಸೆಲ್ಲು. ಎಲ್ಲಿ ಇಡ್ತೀಯೋ ಅಲ್ಲಿನ ಶಾಖ ಇಲ್ಲಿಗೆ ಕಳಿಸ್ತದೆ. ಆಚೆ ಇಟ್ರೆ ಆಚೆ ಚಳಿ ಎಷ್ಟದೆ ಅಂತ ಮಲಗಿದ್ದಲ್ಲೇ ನೋಡ್ಬೋದು."

ತಮ್ಮ ಆ ಅಂಕಿಯನ್ನೇ ನೋಡಿದ. ಆಮೇಲೆ ತಡೆದು ತಡೆದು, "ನಮ್ಮ ಹುಳಿನ್ ಮನೇಲಿ ಇಟ್ರೆ?" ಅಂದ.

ಪ್ರಮೀಳಾ ಬಾಗಿಲಲ್ಲಿದ್ದಳು. ಅವಳ ಮುಖ ನೋಡಲಾರದೆ ನಾನು ತಿರುಗಿಕೊಂಡೆ. ಅಂಗಳದಾಚೆಗಿದ್ದ ಹುಳುಮನೆಯಲ್ಲಿ ಆಗ ಹುಳು ಮೂರನೇ ಜ್ವರದಲ್ಲಿತ್ತು. ಜ್ವರ ಅಂದರೆ ಕಾಯಿಲೆಯಲ್ಲ, ಹುಳು ತಿನ್ನುವುದು ಬಿಟ್ಟು ಪೊರೆ ಕಳಚುವ ನಿದ್ದೆ.

"ಇಡ್ಬೋದು. ನಾಜೂಕು ಮಾಲು, ನೀರು ಬೆಂಕಿ ತಾಗಿಸ್ಬೇಡಿ ಅಷ್ಟೇ" ಅಂದ ಜುಬೇರ್.

ಫಾರಿನ್ ಸಾಮಾನು ನಮ್ಮ ಕಡೆ ಮನೆಗೆ ಬಂದರೆ ಅದಕ್ಕೆ ಮೊದಲು ಒಂದು ಅಂಗಿ ಹೊಲಿಸುತ್ತೇವೆ. ರೇಡಿಯೋಕ್ಕೆ ಲೆದರ್ ಚೀಲ, ಟಾರ್ಚಿಗೆ ಉಣ್ಣೆ ಚೀಲ. ತಮ್ಮ ಮಲಗಿದ್ದಲ್ಲಿಂದಲೇ ದರ್ಬಾರು ಶುರುಮಾಡಿದ. "ಪ್ಲಾಸ್ಟಿಕ್ ಕವರಿಗೆ ಆಕಿ ಬಾಯಿ ಕಟ್ಟಿ. ಒಲೆ ತಾವ ಬೇಡ, ಕರಗ್ಬುಟ್ಟಾತು. ಆ ಕೊನೇ ಕಿಟಕಿ ಅದೆಯಲ್ಲ, ತಾಟಿನ ಇಂದ್ಗಡೆ ಮೊಳೆ ಅದೆ, ಅಲ್ಲಿಗೆ ನೇತಾಕಿ." ಅವನು ಹೇಳಿದ ಮೊಳೆಗೇ ಪ್ರಮೀಳಾ ನೇತುಹಾಕಿದಳು.

ಆವತ್ತಿನಿಂದ ಮನೆ ಮನೆಯಾಯಿತು. ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕುವ ಹೊತ್ತಿಗೆಲ್ಲ ಅಲಾರಂ ಇಡಿಸಿಕೊಂಡ. ಅದು ಕೀ ಕೀ ಅಂದ ತಕ್ಷಣ ಇವನ ಗಂಟಲು: "ಪ್ರಮೀಳಾ! ಸೊಪ್ಪು!" ಹುಳು ಜ್ವರ ಎದ್ದಿತು. ಅಂಕಿ ಇಳಿದರೆ "ಒಲೆ ಅಚ್ಚು", ಏರಿದರೆ "ತಾಟಿಗೆ ನೀರು ಒಡಿ". ಕ್ಷೌರ ಮಾಡಿಸಿಕೊಂಡ. ಮುದ್ದೆ ಸಣ್ಣದಾಯಿತು ಅಂತ ಜಗಳ ಮಾಡಿದ. ಕುಳ್ಳಯ್ಯ ಬಂದು ಪಂಚೆಯ ಕೆಳಗೆ ಬಾಯಿ ಬಿಟ್ಟುಕೊಂಡು ನಿಂತು, "ಇವತ್ತು ಇದ್ದಿಲು ಅಚ್ಬೋದಾ ತಿಮ್ಮಣ್ಣ?" ಅಂತ ಕೇಳಿಕೊಂಡು ಹೋದ. ದೇವರಾಣೆ, ನಾನು ಆ ಗಡಿಯಾರಕ್ಕೆ ಕೈಮುಗಿದಿದ್ದೇನೆ.

ಕೊನೇ ಜ್ವರ ಎದ್ದ ಮೇಲೆ ಹುಳು ಹೊಟ್ಟೆಬಾಕ. ತಿನ್ನುವುದೊಂದೇ ಕೆಲಸ. ಅದೇ ಹೊತ್ತಿಗೆ ಕೆರೆ ಕಡೆಯಿಂದ ಚಳಿಗಾಳಿ ಹಿಡಿದು ಬೀಸತೊಡಗಿತು. ಪಂಚೆಯ ಮೇಲಿನ ಅಂಕಿ ಇಳಿಯಿತು.

"ಒಲೆ ಇನ್ನೊಂದು ಅಚ್ಚು" ಅಂದ. ಹಚ್ಚಿದಳು. ಅಂಕಿ ಏಳಲಿಲ್ಲ. "ಮತ್ತೊಂದು ಅಚ್ಚು. ಬಾಗ್ಲು ಕಿಟಕಿ ಬಿಗಿಯಾಗಿ ಮುಚ್ಚು."

"ಒಳಗೆ ಬೆವರು ಕಿತ್ಕೊಂಡು ಬತ್ತಾ ಅದೆ ಕಣ್ರೀ" ಅಂದಳು ಪ್ರಮೀಳಾ.

"ಏನಮ್ಮಿ, ಕಣ್ಣಿಗೆ ಕಾಣಂಗೆ ಬರ್ದಿರೋದು ಸುಳ್ಳು, ನಿನ್ನ ಕೆನ್ನೆ ನಿಜವಾ? ಮೊನ್ನೆ ಕಲ್ತವ್ಳು ನಂಗೆ ಹೇಳಕ್ಕೆ ಬಂದ್ಬುಟ್ಲು! ಅಚ್ಚು ಅಂದ್ರೆ ಅಚ್ಚು!"

ನಾನು ಹುಳುಮನೆಗೆ ಹೋಗಿ ಬಾಗಿಲು ತೆಗೆದರೆ ಮುಖಕ್ಕೆ ರಪ್ ಅಂತ ಧಗೆ ಹೊಡೆಯಿತು. ಹುಳುಗಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿಗೆ ಬಂದು ತಲೆ ಎತ್ತಿಕೊಂಡಿದ್ದವು. ಪ್ರಮೀಳಾ ಇದ್ದಿಲು ಸುರಿಯುತ್ತಿದ್ದಳು, ಸೆರಗೆಲ್ಲ ಒದ್ದೆ.

"ನಿಂಗೇನು ತಲೆ ಕೆಟ್ಟದಾ? ಎತ್ತಾಕೇ ಈಚೆಗೆ! ಅವನು ಹೇಳ್ದ ಅಂತ ಬೇಯಿಸ್ತೀಯಾ?" ಅಂತ ಕೂಗಿದೆ.

ಅವಳು ನನ್ನ ಕೈ ಹಿಡಿದಳು. "ಅತ್ಗೆ, ನಂಗೂ ಗೊತ್ತು, ಜಾಸ್ತಿ ಆಗದೆ. ಆದ್ರೆ ನಾನು ಒಲೆ ತಗದ್ರೆ, ಅವ್ರು ಹೇಳೋದು ತಪ್ಪು ಅಂದಂಗಾಯ್ತದೆ. ಅವ್ರು ಮರದಿಂದ ಬಿದ್ದ ಮ್ಯಾಲೆ ಇವತ್ತೇ ನನ್ ಮ್ಯಾಲೆ ಇಂಗೆ ರೇಗಿರೋದು. ನಿಮ್ಮ ಕಾಲಿಗೆ ಬೀಳ್ತೀನಿ, ಸುಮ್ನಿರಿ."

ನಾನು ಕೇಳಲಿಲ್ಲ, ಹೋಗಿ ಅವನ ಮುಂದೆ ಹೇಳಿಯೇ ಹೇಳಿದೆ. ಅವನು ಪಂಚೆ ನೋಡಿದ, ನನ್ನನ್ನು ನೋಡಿದ. ದನಿ ಇಳಿಯಿತು. "ಅಂಗಾದ್ರೆ ನಂಗೇನೂ ಗೊತ್ತಿಲ್ಲ ಬುಡಕ್ಕ. ಅವ್ಳೇ ನೋಡ್ಕೊಳ್ಳಲಿ" ಅಂದು ಕಣ್ಣು ಮುಚ್ಚಿದ. ಮತ್ತೆ ಅದೇ ಮುಖ, ಹೆಣದ ಮುಖ. ಹಿಂದೆಯೇ ಬಂದಿದ್ದ ಪ್ರಮೀಳಾ, "ಇಲ್ಲ, ಅಚ್ಚಿದೀನಿ, ನೀವು ಹೇಳ್ದಂಗೇ ಅಚ್ಚಿದೀನಿ" ಅಂದಳು. ಅವನು ಕಣ್ಣು ಬಿಟ್ಟ.

ಹುಳು ಹೋಯಿತು. ಮಾರನೆಯ ದಿನ ಸೊಪ್ಪು ಮುಟ್ಟಲಿಲ್ಲ, ಅದರ ಮಾರನೆಯ ದಿನ ಮೆತ್ತಗಾಗಿ ಕಪ್ಪಾಗಿ ತಟ್ಟೆಯ ಅಂಚಿನಿಂದ ಜೋತುಬಿದ್ದವು. ಸೆರಗನ್ನು ಮೂಗಿಗೆ ಕಟ್ಟಿಕೊಂಡು ನಾವಿಬ್ಬರೂ ಮಂಕರಿಯಲ್ಲಿ ತುಂಬಿ, ತೋಟದ ಕೊನೆಯಲ್ಲಿ ಗುಂಡಿ ತೋಡಿ, ಸುಣ್ಣ ಸುರಿದು ಮುಚ್ಚಿದೆವು. ಅವಳದು "ಅವ್ರಿಗೆ ಹೇಳ್ಬೇಡಿ" ಅನ್ನುವುದೊಂದೇ ಮಾತು. ಎಷ್ಟು ದಿನ ಮುಚ್ಚಿಡುತ್ತೀಯೇ ಅಂತ ಕೇಳುವುದಕ್ಕೆ ನನ್ನ ದೊಡ್ಡ ಬಾಯಿಗೂ ಧೈರ್ಯ ಬರಲಿಲ್ಲ.

ಅಲಾರಂ ಮಾತ್ರ ನಿಲ್ಲಲಿಲ್ಲ. ಅದು ಕೀ ಕೀ ಅನ್ನುವುದು, ಇವನು ಕೂಗುವುದು, ಅವಳು ಖಾಲಿ ಮಂಕರಿ ಸೊಂಟಕ್ಕಿಟ್ಟುಕೊಂಡು ಅಂಗಳ ದಾಟಿ, ಹುಳುಮನೆಯೊಳಗೆ ಸ್ವಲ್ಪ ಹೊತ್ತು ನಿಂತು ಬರುವುದು. "ಚೆನ್ನಾಗಿ ತಿಂತಾ ಅವೆ" ಅನ್ನುವುದು. ಒಂದು ಸಾರಿ ಹಿಂದೆ ಹೋಗಿ ನೋಡಿದೆ. ಖಾಲಿ ತಟ್ಟೆಗಳ ನಡುವೆ ಮೊಣಕೈ ಚಾಚಿಕೊಂಡು ನಿಂತಿದ್ದಳು.

ಆಮೇಲೊಂದು ಮಧ್ಯಾಹ್ನ ನಾನು ಅವನಿಗೆ ಗಂಜಿ ಕುಡಿಸುತ್ತಿದ್ದೆ. ಕಿಟಕಿ ಮುಚ್ಚಿತ್ತು, ಅಂಕಿ ಪಂಚೆಯ ಮೇಲಿತ್ತು. ಅವನು ಮೆಲ್ಲಗೆ ಅಂದ:

"ಅಕ್ಕ, ಬೆಳಿಗ್ಗೆ ಒಲೆ ಎಲ್ಲ ಈಚೆಗೆ ತಗಿ ಅಂದೆ. ತಗದೆ ಅಂದ್ಲು. ಅಂಕಿ ಇಳೀಲಿಲ್ಲ. ಈಗ ಮೂರೂ ಅಚ್ಚು ಅಂದೆ. ಅಚ್ಚಿದೆ ಅಂದ್ಲು. ಅಂಕಿ ಏಳ್ಲಿಲ್ಲ."

ನನ್ನ ಕೈಯಲ್ಲಿದ್ದ ಚಮಚ ನಿಂತಿತು.

"ಆ ಡಬ್ಬಿ ಎಲ್ಲದೆ?"

"ನೀನು ಹೇಳ್ದಲ್ಲೇ ಕಣಪ್ಪ. ಕೊನೇ ಕಿಟಕಿ, ತಾಟಿನ ಇಂದೆ."

"ತಾಟಿನ ಇಂದೆ" ಅಂದ. "ಒದ್ದೆ ತಾಟು. ಆ ಕಡೆಯಿಂದ ಕೆರೆ ಗಾಳಿ. ಅದು ಗಾಳಿ ಚಳಿ ತೋರ್ಸ್ತಿತ್ತು, ಒಳಗಿನ ಶಾಖ ಅಲ್ಲ." ಅಷ್ಟೇ. ಅವನು ಕಣ್ಣು ಮುಚ್ಚಿ ಎರಡು ಕೈಯನ್ನೂ ಎದೆಯ ಮೇಲೆ ಬಿಡಿಸಿಟ್ಟುಕೊಂಡ. ಹುಳುಮನೆ ನಡುವೆ ಬರಿಮೈಯಲ್ಲಿ ನಿಂತಾಗ ಹೀಗೇ ಇರುತ್ತಿದ್ದ. ಕಣ್ಣು ಬಿಡದೆ ಕೇಳಿದ:

"ಎಲ್ಲಿ ಊತಾಕಿದ್ರಿ?"

ಸುಳ್ಳು ಹೇಳಲು ಬಾಯಿ ತೆಗೆದೆ, ಬರಲಿಲ್ಲ. "ತೋಟದ ಕೊನೇಲಿ" ಅಂದೆ.

"ಬೆವರು ಬತ್ತದೆ ಅಂದ್ಲು ಅಕ್ಕ. ಬಾಯ್ಬಿಟ್ಟು ಅಂದ್ಲು. ಅವ್ಳ ಕೆನ್ನೇನ ಆಡ್ಕಂಡೆ ನಾನು." ಅವನ ಕಣ್ಣೀರು ಕೆನ್ನೆಗಿಳಿಯದೆ ನೇರ ಕಿವಿಯೊಳಗೆ ಹೋಗುತ್ತಿತ್ತು. ಮಲಗಿದವರಿಗೆ ಹಾಗೆಯೇ. ನಾನು ಸೆರಗಿನಿಂದ ಕಿವಿ ಒರೆಸಿದೆ. "ನೇಣು ಆಕ್ಕಳಾದಕ್ಕೂ ಎದ್ದು ನಿಲ್ಬೇಕು ಕಣಕ್ಕ" ಅಂದ. ನಾನು ಅವನ ಬಾಯಿಗೆ ಕೈ ಅಡ್ಡ ಇಟ್ಟೆ.

ನಾನು ಎದ್ದು ಪಂಚೆಯ ಗಂಟಿಗೆ ಕೈ ಹಾಕಿದೆ, ಹರಿದು ಬಿಸಾಡಬೇಕು ಅಂತ. ಅವನು ನನ್ನ ಸೀರೆ ಹಿಡಿದ.

"ಬಿಚ್ಬೇಡ. ಬಿಚ್ಚಿದ್ರೆ ನಂಗೆ ಗೊತ್ತಾಯ್ತು ಅಂತ ಅವ್ಳಿಗೆ ಗೊತ್ತಾಯ್ತದೆ. ಆಮೇಲೆ ಅವ್ಳು ಇನ್ಯಾವ ಬಾಯಲ್ಲಿ ನನ್ ತಾವ ಮಾತಾಡ್ತಾಳೆ?"

ಅಷ್ಟರಲ್ಲಿ ಅಲಾರಂ ಹೊಡೆಯಿತು. ಅಂಗಳದಲ್ಲಿ ಮಂಕರಿ ಎತ್ತಿಕೊಂಡ ಸದ್ದು. ಪ್ರಮೀಳಾ ಬಾಗಿಲಿಗೆ ಬಂದು, ಕತ್ತಲಲ್ಲಿ ನಮ್ಮ ಮುಖ ಕಾಣದೆ, "ಸೊಪ್ಪು ಆಕ್ಬುಟ್ಟು ಬತ್ತೀನಿ" ಅಂದಳು.

ತಮ್ಮ ಗಂಟಲು ಸರಿಮಾಡಿಕೊಂಡ. ಆಮೇಲೆ ಹಳೇ ಜೋರಿನಲ್ಲೇ ರೇಗಿದ. "ಎಳೇದು ಆಕ್ಬೇಡ, ಬಲ್ತಿರೋ ಸೊಪ್ಪು ಆಕು! ಇನ್ನೇನು ಹುಳು ಹಣ್ಣಾಗೋ ಹೊತ್ತು. ಗೂಡು ಕಟ್ಟಕ್ಕೆ ಚಂದ್ರಿಕೆ ಬೇಕು, ಎಲ್ಲ ತಂದು ತೊಳ್ದು ಬಿಸ್ಲಿಗಾಕು. ಎಷ್ಟು ಸಾರಿ ಹೇಳ್ಬೇಕಮ್ಮಿ ನಿಂಗೆ?"

"ಆಯ್ತು, ತೊಳೀತೀನಿ" ಅಂದಳು. ಅವಳ ದನಿಯಲ್ಲಿ ಸಮಾಧಾನವಿತ್ತು.

ಅವಳು ಅಟ್ಟದಿಂದ ಬಿದಿರಿನ ಚಂದ್ರಿಕೆಗಳನ್ನು ಒಂದೊಂದಾಗಿ ಇಳಿಸಿ ಬಾವಿಯ ಹತ್ತಿರ ಇಟ್ಟಳು. ನಾನೂ ಸೆರಗು ಸಿಕ್ಕಿಸಿಕೊಂಡು ಹೋಗಿ ಅವಳ ಎದುರಿಗೆ ಕೂತು ತೊಳೆದೆ.