ಗೆರೆಯಪ್ಪನ ಗೋಡೆ

ನಮ್ಮ ಆಸ್ಪತ್ರೆಯ ಔಷಧ ಉಗ್ರಾಣದೊಳಗೆ ಅದರ ಉಸ್ತುವಾರಿ ಹೊತ್ತಿದ್ದ ಅವರು ನೆಟ್ಟಗೆ ನಡೆದದ್ದನ್ನು ನಾನು ಕಂಡವನಲ್ಲ. ಎಡಗೈಯ ಬೆರಳುಗಳನ್ನು ಕಪಾಟಿನ ಅಂಚಿಗೆ ತಾಗಿಸುತ್ತ, ಒಂದೊಂದು ರಟ್ಟಿನ ಪೆಟ್ಟಿಗೆಯ ಮುಂದೆಯೂ ಅರೆಕ್ಷಣ ತಡೆದು, ಮಲಗಿದ ಮಕ್ಕಳ ಹೊದಿಕೆ ಸರಿಪಡಿಸುವ ತಾಯಿಯಂತೆ ಪಕ್ಕಕ್ಕೆ ವಾಲಿಕೊಂಡು ಸಾಗುವುದೇ ಅವರ ನಡಿಗೆ. ಪ್ರತಿ ಔಷಧದ ರಾಶಿಯ ಹಿಂದೆ, ಗೋಡೆಯ ಮೇಲೆ, ಅವರೇ ಎಳೆದ ಕೆಂಪು ಗೆರೆ. ರಾಶಿ ತಗ್ಗಿ ಗೆರೆ ಕಣ್ಣಿಗೆ ಬಿದ್ದೊಡನೆ ಬೇಡಿಕೆಪತ್ರ ಬರೆಸುವುದು ಅವರ ವ್ರತ. ಆ ಪತ್ರಗಳನ್ನು ಬೆರಳಚ್ಚು ಮಾಡುತ್ತಿದ್ದವನು ನಾನು. ಅವರಿಗೆ ‘ಗೆರೆಯಪ್ಪ’ ಎಂದು ಹೆಸರಿಟ್ಟವರಲ್ಲೂ ನಾನೊಬ್ಬ.

“ಇನ್ನೂ ಅಷ್ಟೊಂದು ಇದೆಯಲ್ರೀ, ಈಗಲೇ ಏನವಸರ?” ಎಂದು ಮೇಲಧಿಕಾರಿ ರೇಗಿದರೆ, “ಇಲ್ದಾಗ ಕೇಳೋದು ಭಿಕ್ಷೆ ಸಾರ್. ಇದ್ದಾಗಲೇ ಕೇಳ್ಬೇಕು” ಎನ್ನುತ್ತಿದ್ದರು.

ಆ ಗೆರೆ ಹುಟ್ಟಿದ್ದು ಒಂದು ತಪ್ಪಿನಿಂದ. ಹಿಂದೊಮ್ಮೆ ಮೂರ್ಛೆರೋಗದ ಮಾತ್ರೆಗೆ ಅಭಾವ ಬಂದೀತೆಂದು ಹೆದರಿ, ಒಂದು ಪೆಟ್ಟಿಗೆಯನ್ನು ಯಾರ ಕಣ್ಣಿಗೂ ಬೀಳದಂತೆ ಬಚ್ಚಿಟ್ಟಿದ್ದರು. ಅವರ ಸ್ವಂತ ತಂಗಿ ಬದುಕಿದ್ದದ್ದೇ ಆ ಮಾತ್ರೆಯ ಮೇಲೆ. ಅಭಾವವೇನೋ ಬಂತು. ತೆರೆದು ನೋಡಿದರೆ ಮಾತ್ರೆಯ ಅವಧಿ ಮುಗಿದು ಎರಡು ತಿಂಗಳಾಗಿತ್ತು. ಅಂದು ಬರಿಗೈಯಲ್ಲಿ ಹಿಂದಿರುಗಿದ ರೋಗಿಯೊಬ್ಬ ಬಸ್ ನಿಲ್ದಾಣದಲ್ಲಿ ಬಿದ್ದು ಕೈ ಮುರಿದುಕೊಂಡ. “ಊಟಕ್ಕಿಲ್ಲದ ಉಪ್ಪಿನಕಾಯಿ ಮಾಡಿಟ್ಟೆ ನೋಡಿ” ಎಂದದ್ದಷ್ಟೇ ಅವರ ಮಾತು. ಮರುದಿನವೇ ಗೋಡೆಯ ಮೇಲೆ ಮೊದಲ ಕೆಂಪು ಗೆರೆ ಬಿತ್ತು. ಆಮೇಲೆ ಅವರ ಕೋಟುಗಳು ಬದಲಾದವು. ಜೇಬಿನಲ್ಲಿಟ್ಟುಕೊಂಡಿದ್ದ, ಅವಧಿ ಮುಗಿದು ಸತ್ತ ಆ ಮಾತ್ರೆಗಳ ಸ್ಟ್ರಿಪ್ಪೊಂದು ಬದಲಾಗಲಿಲ್ಲ.

ಗೆರೆಯನ್ನೂ ಮೀರಿದ ಕಾಲವೊಂದು ಬಂತು. ಕಾರ್ಖಾನೆಯವರು ಅದೇ ಮಾತ್ರೆಯ ತಯಾರಿಕೆಯನ್ನೇ ನಿಲ್ಲಿಸಿದರು. “ನಿಮ್ಮೊಂದು ಆಸ್ಪತ್ರೆಗೋಸ್ಕರ ಯಂತ್ರ ಓಡಿಸಿದ್ರೆ ನಮಗೇನು ಗಿಟ್ಟತ್ತೆ?” ಎಂದು ಅಲ್ಲಿಯ ವ್ಯವಸ್ಥಾಪಕ ಕೈ ಕೊಡವಿದ. ಉಗ್ರಾಣದಲ್ಲಿ ನಾಲ್ಕು ತಿಂಗಳ ದಾಸ್ತಾನಿತ್ತು, ಗೆರೆಯ ಪುಣ್ಯ. ಅಷ್ಟರೊಳಗೆ ಇವರು ಹದಿನಾಲ್ಕು ಆಸ್ಪತ್ರೆಗಳ ಬೆನ್ನುಬಿದ್ದು, ವರ್ಷದ ಅಗತ್ಯವನ್ನು ಬರೆಸಿಕೊಂಡು, ಎಲ್ಲವನ್ನೂ ಒಂದೇ ಬೇಡಿಕೆಯಾಗಿ ಹೆಣೆದು ಕಾರ್ಖಾನೆಯ ಮುಂದಿಟ್ಟರು. ಯಂತ್ರ ಓಡಿತು, ಆದರೆ ತಡವಾಗಿ. ಮಾತ್ರೆ ಒಂಬತ್ತು ದಿನಕ್ಕಿಳಿದಾಗ ಎಲ್ಲರಿಗೂ ಮೂರು ಮೂರು ದಿನದ್ದಷ್ಟೇ ಕೊಡತೊಡಗಿದರು.

“ತಂಗಿಗಾದ್ರೂ ಒಂದು ತಿಂಗಳಿಂದು ಎತ್ತಿಡಬಾರದಾ?” ಎಂದೆ.

“ಬಚ್ಚಿಡೋ ಕೆಲಸ ಒಂದ್ಸಲ ಮಾಡಿ ಆಯ್ತಲ್ಲ” ಎಂದರು. ಜೇಬನ್ನೊಮ್ಮೆ ಮುಟ್ಟಿಕೊಂಡು, ಮುಂದಿನ ರೋಗಿಗೆ ಮೂರು ದಿನದ್ದು ಎಣಿಸಿಕೊಟ್ಟರು. ನನಗೆ ಅವರ ಮೇಲೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು.

ಒಂದೇ ದಿನದ ಮಾತ್ರೆ ಉಳಿದಿದ್ದಾಗ ಲಾರಿ ಬಂತು. ಮರುದಿನ ತಂಗಿ ಎಲ್ಲರಂತೆ ಸಾಲಿನಲ್ಲಿ ನಿಂತು, ತಿಂಗಳ ಮಾತ್ರೆ ಚೀಲಕ್ಕೆ ಹಾಕಿಕೊಂಡು, “ಎಂಥ ಕ್ಯೂ ಅಣ್ಣ ನಿಮ್ದು, ಕಾಲು ಬಿದ್ದುಹೋಯ್ತು” ಎಂದು ಸಿಡುಕಿ ಹೊರಟಳು. ಅಣ್ಣ ನಕ್ಕರು.

ಇಂಥವರು ಸೋತರೆ ಊರಿಗೆಲ್ಲ ತಿಳಿಯುತ್ತದೆ. ಗೆದ್ದ ದಿನ ಏನೂ ನಡೆಯುವುದಿಲ್ಲ. ಜನ ಮಾತ್ರೆ ತೆಗೆದುಕೊಂಡು, ಸಾಲಿನ ಉದ್ದವನ್ನು ಬೈದುಕೊಂಡು ಮನೆಗೆ ಹೋಗುತ್ತಾರೆ. ಆ ಬೈಗುಳ ಕೇಳಿಸುತ್ತಿರುವಷ್ಟು ದಿನ ಒಳಗೆ ಯಾರೋ ಗೋಡೆಯನ್ನು ನೋಡುತ್ತಿದ್ದಾರೆ ಎಂದೇ ಅರ್ಥ.