ಪಟಪಟ ಅಂದರೂ ತುರಿಕೆ, ಗರಗರ ಅಂದರೂ ತುರಿಕೆ

ಜೇವರ್ಗಿ ಬಸ್ ಸ್ಟ್ಯಾಂಡಿನ ಹಿಂದಿನ ತನ್ನ ಖಾನಾವಳಿಯಲ್ಲಿ ಚಂದಮ್ಮ ಪಟಪಟ ರೊಟ್ಟಿ ಬಡಿಯಲು ಕೂತಳೆಂದರೆ, ಗುಡುಗು ಬಂತೆಂದು ದೂರದ ಅಫಜಲಪುರದ ಹೆಂಗಸರು ಒಣಹಾಕಿದ ಬಟ್ಟೆ ಒಳಗೆ ತರುತ್ತಿದ್ದರು. ಸುಳ್ಳಲ್ಲ. ರೊಟ್ಟಿ ಎಷ್ಟು ತೆಳುವೆಂದರೆ, ಫ್ಯಾನ್ ಹಾಕಿದರೆ ಹಾರಿ ಕಡಗಂಚಿ ಊರನ್ನೇ ಮುಟ್ಟುತ್ತಿತ್ತು. ಅಲ್ಲಿಯವರು ಪಲ್ಯ ಹಚ್ಚಿಕೊಂಡು ತಿಂದುಬಿಡುತ್ತಿದ್ದರು.

ಅಂಥಾ ಕೈಗೆ ತುರಿಕೆ ಹತ್ತಿತು.

ಮೊದಲು ಬೆರಳ ಸಂದಿಯಲ್ಲಿ ಸಾಬುದಾಣಿ ಕಾಳಿನಂಥ ನೀರುಗುಳ್ಳೆ. ಆಮೇಲೆ ಅಂಗೈ ಸುಲಿದು, ಬೇಸಿಗೆಯ ಎರೆಹೊಲದ ಹಾಗೆ ಬಿರಿಯಿತು. ಸುಣ್ಣ ಹಚ್ಚಿದಳು, ಉರಿಯಿತು. ಬಟ್ಟೆಸೋಪಿನಿಂದ ತಿಕ್ಕಿದಳು, ಇನ್ನೂ ಉರಿಯಿತು. ಗಿರಾಕಿಗಳು ಆಕೆಯ ಕೈ ನೋಡಿ ರೊಟ್ಟಿ ಸರಿಸಿ ಅನ್ನ ಕೇಳತೊಡಗಿದರು. ಕೈ ಹೋದರೆ ಖಾನಾವಳಿಯೂ ಹೋಯಿತು ಎಂದು ಚಂದಮ್ಮನ ನಿದ್ದೆ ಹಾರಿತು.

ಓಣಿಯ ಆಶಾ ಕಾರ್ಯಕರ್ತೆ ಗೌಸಿಯಾಬೇಗಂ ಬಂದಳು.

"ಅಕ್ಕಾ, ಕೈ ಯಾಕ ಸೆರಗಿನಾಗ ಮುಚ್ಚಿಟ್ಟೀರಿ? ಬಂಗಾರ ಸಿಕ್ಕದೇನ್ರಿ?"

"ಮಜಾಕ್ ಮಾಡಬ್ಯಾಡ ಬೇ. ಇದು ಮಾಟ! ಎದುರಿನ ಅಂಗಡಿ ಕಲ್ಯಾಣಪ್ಪ ಮಾಡಿಸ್ಯಾನ. ಅವನ ಹೊಸ ರೊಟ್ಟಿ ಮಷಿನ್ ಗರಗರ ಅಂದ ಕೂಡ್ಲೇ ನನ್ನ ಕೈ ತುರಸಾಕತ್ತದ."

"ಆ ಗರಗರ ಕೇಳಿದ್ರ ಮನಸಿಗಿ ಏನ್ ಅನಸ್ತದ?"

"ಇನ್ನೇನ್ ಅನಸ್ತದ? ಮಂದಿಯೆಲ್ಲ ಅಲ್ಲಿಗೇ ಹೋದ್ರ ನನ್ನ ಗತಿ ಏನು ಅಂತ ಕುಂತ್ರೂ ನಿಂತ್ರೂ ಅದೇ ಫಿಕರ್."

"ಮಾಟ ಮಾಡಿದ್ದು ಆ ಫಿಕರೇ ಇರಬೇಕು, ನೋಡ್ರಿ."

"ಫಿಕರ್ ತಲಿಯಾಗ ಇರ್ತದ. ಕೈಯಾಗ ಹೆಂಗ ಬರ್ತದ ಬೇ?"

"ಶಾಲಿಯಾಗ ಮಾಸ್ತರ್ ಹೆಸರು ಕರೆದ್ರ ಅಂಗೈ ಬೆವರ್ತಿದ್ದಿಲ್ಲೇನ್ರಿ? ಅವಾಗ ಯಾರ್ ಮಾಟ ಮಾಡಿದ್ರು?"

ಚಂದಮ್ಮ ಸೆರಗಿನಿಂದ ಕೈ ಹೊರಗೆ ತೆಗೆದು, ಡಾಕ್ಟರಿಗೆ ತೋರಿಸೋಣ ನಡಿ ಎಂದು ಎದ್ದಳು.

ಇಬ್ಬರೂ ಸರ್ಕಾರಿ ಆಸ್ಪತ್ರೆಗೆ ಹೋದರೆ, ಬೆಂಚಿನ ಮೇಲೆ ಯಾರು? ಕೈಗೆ ಟವೆಲ್ ಸುತ್ತಿಕೊಂಡ ಕಲ್ಯಾಣಪ್ಪ!

"ಲೇ ಕಲ್ಯಾಣಪ್ಪ, ನಿನಗೇನಾಗ್ಯಾದೋ?"

"ನಿಮ್ಮ ಪಟಪಟ ಕೇಳಿದ್ರ ಸಾಕು, ನನ್ನ ಕೈ ತುರಸ್ತಾವ ಅಕ್ಕಾ. ನಿಮ್ಮ ರೊಟ್ಟಿ ಬಿಟ್ಟು ನನ್ನ ಮಷಿನ್ ರೊಟ್ಟಿ ಯಾರ್ ತಿಂತಾರ ಅಂತ ಹೆದರಿಕಿ. ನೀವೇ ಮಾಟ ಮಾಡ್ಸೀರಿ ಅಂದ್ಕೊಂಡಿದ್ದೆ."

ಚಂದಮ್ಮ ನಕ್ಕಳು ನೋಡಿ, ಆಳಂದದ ತನಕ ಕಿಟಕಿಗಳು ಅಲುಗಾಡಿದವು.

ಡಾಕ್ಟರಮ್ಮ ಇಬ್ಬರ ಕೈಯನ್ನೂ ಪರೀಕ್ಷಿಸಿದರು. "ಇದು ಇಸುಬು, ಎಕ್ಸಿಮಾ ಅಂತಾರ. ಒಬ್ಬರಿಂದ ಒಬ್ಬರಿಗಿ ಹತ್ತೂದಿಲ್ಲ. ಸೋಪು, ನೀರು, ಬಿಸಿ ಇದನ್ನ ಕೆರಳಸ್ತಾವ. ಚಿಂತಿ ಅದಕ್ಕ ಗಾಳಿ ಹಾಕ್ತದ. ಚಿಂತಿ ಮಾಡಿದ್ರ ತುರಿಕಿ, ತುರಿಕಿ ಬಂತಂದ್ರ ಮತ್ತ ಚಿಂತಿ. ಗಾಣದ ಎತ್ತಿನಂಗ ತಿರಗಾಕತ್ತೀರಿ!"

"ಈಗೇನ್ ಮಾಡಬೇಕ್ರಿ?"

"ನಾ ಬರಕೊಟ್ಟ ಮುಲಾಮು ಹೇಳಿದಷ್ಟೇ ಹಚ್ರಿ. ಗುಳ್ಳಿ ಒಡೀಬ್ಯಾಡ್ರಿ. ಕೈ ತೊಳೆದ ಮ್ಯಾಲ ವ್ಯಾಸಲೀನ್ ಸವರ್ರಿ. ಭಾಂಡೆ ತಿಕ್ಕುವಾಗ ಒಳಗ ಹತ್ತಿ ಗ್ಲೌಸ್, ಮ್ಯಾಲ ರಬ್ಬರಿಂದು ಹಾಕ್ಕೋರಿ. ವಾಸಿ ಆಗೂತನಕ ಹಿಟ್ಟು ಮುಟ್ಟಬ್ಯಾಡ್ರಿ. ಕಣ್ತುಂಬ ನಿದ್ದಿ ಮಾಡ್ರಿ. ಮನಸಿನ ಮಾತು ಯಾರ ಮುಂದಾದ್ರೂ ಆಡ್ರಿ."

"ಹಿಟ್ಟು ಮುಟ್ಟಲಿಲ್ಲಂದ್ರ ನನ್ನ ಗಿರಾಕಿ?" ಚಂದಮ್ಮನ ಕೈ ಅಲ್ಲೇ ತುರಿಸತೊಡಗಿತು.

ಕಲ್ಯಾಣಪ್ಪ ಅವಳ ಕಡೆ ತಿರುಗಿದ. "ನನ್ನ ಮನಿಯಾಕಿ ಮಷಿನ್ ನಡಸ್ತಾಳ ಅಕ್ಕಾ. ಅಲ್ಲಿತನಕ ನಮ್ಮ ರೊಟ್ಟಿ, ನಿಮ್ಮ ಪಲ್ಯ. ಆಗಬಹುದೇನ್ರಿ?"

ಆಯಿತು. ದಿನಾ ಸಂಜೆ ಇಬ್ಬರೂ ಚಹಾ ಕುಡಿಯುತ್ತ, ಒಬ್ಬರ ರೊಟ್ಟಿಯನ್ನು ಒಬ್ಬರು ಬೈಯುತ್ತ ಕೂತರು. ಮೆಲ್ಲಗೆ ಕೈಗಳು ವಾಸಿಯಾದವು. ಫಿಕರ್ ಹೆಚ್ಚಾದಾಗ ಒಮ್ಮೊಮ್ಮೆ ಗುಳ್ಳೆ ಇಣುಕುತ್ತವೆ. ಆಗ ಚಂದಮ್ಮ ಸುಣ್ಣದ ಡಬ್ಬಿ ಹುಡುಕುವುದಿಲ್ಲ, ಆಸ್ಪತ್ರೆಗೆ ಹೋಗುತ್ತಾಳೆ. ಆ ಸಲ ಕೈ ವಾಸಿಯಾದ ಮೇಲೆ ಬಡಿದ ಮೊದಲ ರೊಟ್ಟಿ ಕಲ್ಯಾಣಪ್ಪನಿಗೇ ಕೊಟ್ಟಳು. ಅವತ್ತು ಅಫಜಲಪುರದಲ್ಲಿ ಬಟ್ಟೆಗಳು ಮತ್ತೆ ಒಳಗೆ ಹೋದವು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೈಯೂ ತುರಿಸುತ್ತದೆಯೇ? ತುರಿಕೆಗಳೆಲ್ಲ ಒಂದೇ ಅಲ್ಲ, ಕೆಲವು ಹರಡುತ್ತವೆ. ಸುಣ್ಣ ಬೇಡ, ಕಂಡವರು ಹೇಳಿದ ಟ್ಯೂಬೂ ಬೇಡ. ಸೆರಗಿನಿಂದ ಕೈ ಹೊರಗೆ ತೆಗೆಯಿರಿ, ಡಾಕ್ಟರಿಗೆ ತೋರಿಸಿರಿ. ಕೈ ತೋರಿಸುವಾಗ ಮನಸ್ಸಿನಲ್ಲಿದ್ದ ಫಿಕರನ್ನೂ ಹೇಳಿಬಿಡಿರಿ.