ಇದೊಂದೇ ಪುಸ್ತಕ ಸಾರ್

ಕುಪ್ಪುಸ್ವಾಮಿ ಪುಸ್ತಕ ವಾಪಸು ತಂದಾಗ ಅದರ ಬೆನ್ನು ಸೀಳಿಹೋಗಿತ್ತು. ಮೇಲಿನಿಂದ ಕೆಳಗಿನವರೆಗೆ ನೇರವಾಗಿ ಬ್ಲೇಡು ಎಳೆದಿದ್ದರು. ರಟ್ಟು ಒಂದು ಕೈಯಲ್ಲಿ, ಹಾಳೆ ಒಂದು ಕೈಯಲ್ಲಿ ಹಿಡಿದುಕೊಂಡು ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ನನಗಾಗಿ ಕಾಯುತ್ತಿದ್ದ.

"ಗೇಟಲ್ಲಿ ಕುಯ್ದಾಕ್ಬುಟ್ರು ಕಣ್ಲಾ ಬಚ್ಚಾ," ಅಂದ.

ಅವನು ಬಂಗಾರದ ಗಣಿಯೊಳಗೆ ಇಳಿದು ಕೆಲಸ ಮಾಡುವವನು. ಪಾಳಿ ಮುಗಿಸಿ ಬರುವವರನ್ನು ಗೇಟಿನಲ್ಲಿ ತಡಕಿ ನೋಡಿಯೇ ಹೊರಗೆ ಬಿಡುತ್ತಾರೆ. ತಲೆಕೂದಲು, ಬಾಯಿ, ಚಪ್ಪಲಿ, ಬುತ್ತಿ ಡಬ್ಬಿ, ಯಾವುದನ್ನೂ ಬಿಡುವುದಿಲ್ಲ. ಬಂಗಾರದ ಚೂರು ಎಲ್ಲಿ ಬೇಕಾದರೂ ಅಡಗುತ್ತದೆ. ಅಂಥ ಕಡೆಗೆ ಇವನು ನಮ್ಮ ಹಾಸ್ಟೆಲ್ ಲೈಬ್ರರಿಯ ಕಾದಂಬರಿಯನ್ನು ಬುತ್ತಿಯ ಜೊತೆ ಒಯ್ದಿದ್ದ. ಕೊನೆಯ ಭಾಗ ಉಳಿದಿತ್ತಂತೆ, ತಡೆಯಲಾಗಲಿಲ್ಲವಂತೆ. ಊಟದ ಬಿಡುವಿನಲ್ಲಿ ದೀಪದ ಬೆಳಕಿಗೆ ಹಿಡಿದು ಓದಿ ಮುಗಿಸಿದನಂತೆ.

"ಪುಸ್ತಕದೊಳಗೆ ಬಂಗಾರ ಇಟ್ಕೊಂಡು ಬರ್ತಾರೇನೋ?"

"ಬಟ್ಟೆ ಬೈಂಡು, ಬೆನ್ನು ದಪ್ಪ. ಗೇಟಿನವನು ಅವನ ಡೂಟಿ ಮಾಡ್ದ. ಅದಿರ್ಲಿ, ಆ ಹೆಂಗಸು ಕೊನೆಗೆ ಹೋಟೆಲು ಮಾರಿದ್ದು ನಂಗೆ ಒಪ್ಪಿಗೆ ಇಲ್ಲ."

ಕುಪ್ಪುಸ್ವಾಮಿ ಇರುವುದೇ ಹೀಗೆ. ಬಂಗಾರಪೇಟೆ ಹೈಸ್ಕೂಲಿನಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದವನು, ಓದು ಬಿಟ್ಟು ಗಣಿ ಸೇರಿದ. ಊರಿನಿಂದ ಬಂದಿದ್ದ ನಾನು ಅಲ್ಲೇ ಹಾಸ್ಟೆಲ್ಲಿನಲ್ಲಿ ಉಳಿದೆ. ಭಾನುವಾರ ನಾನು ರೈಲು ಹತ್ತಿ ಹೋಗಿ ಅವನಿಗೊಂದು ಕನ್ನಡ ಪುಸ್ತಕ ಕೊಡುತ್ತಿದ್ದೆ. ಅವನು ತಾನು ಓದಿದ ತಮಿಳು ಕಾದಂಬರಿಯ ಕತೆ ಹೇಳುತ್ತಿದ್ದ. ಹಾಸ್ಟೆಲ್ ಹುಡುಗರಿಗೆ ನಾನು ಯಾವ ಪುಸ್ತಕ ಕೊಟ್ಟರೂ ನಾಲ್ಕು ದಿನ ಬಿಟ್ಟು "ಚೆನ್ನಾಗೈತೆ" ಅಂತ ವಾಪಸು ಕೊಡುತ್ತಿದ್ದರು. ಪಾತ್ರಗಳ ಹೆಸರು ಕೇಳಿದರೆ ತೊದಲುತ್ತಿದ್ದರು. ಪುಸ್ತಕದ ವಿಷಯಕ್ಕೆ ನನ್ನ ಜೊತೆ ಜಗಳವಾಡುತ್ತಿದ್ದವನು ಇವನೊಬ್ಬನೇ.

ಆದರೆ ಹಾಸ್ಟೆಲ್ ಪುಸ್ತಕ ಕಾಂಪೌಂಡು ದಾಟಬಾರದು ಅನ್ನುವುದು ನಿಯಮ.

ವಾರ್ಡನ್ ಶ್ರೀನಿವಾಸಪ್ಪನವರು ಸೀಳಿದ ಬೆನ್ನಿನ ಮೇಲೆ ಬೆರಳೆಳೆದು ನೋಡಿದರು. ಇಲಿ ಕಡಿದಿದೆ ಅಂದೆ.

"ಇಲಿ ಬ್ಲೇಡು ಹಿಡ್ಕೊಂಡು ಬಂದಿತ್ತೇನಪ್ಪಾ?"

ಬೇರೆ ದಾರಿಯಿಲ್ಲದೆ ನಿಜ ಹೇಳಿದೆ. ಅದನ್ನೂ ಅವರು ನಂಬಲಿಲ್ಲ. ಬಂಗಾರಕ್ಕಾಗಿ ಕಾದಂಬರಿ ಕುಯ್ಯುವುದು ಇಲಿಗಿಂತ ದೊಡ್ಡ ಸುಳ್ಳು ಅನ್ನಿಸಿತು ಅವರಿಗೆ.

"ಆ ಹುಡುಗನನ್ನ ಕರ್ಕೊಂಡು ಬಾ. ಅವನ ಬಾಯಿಂದಲೇ ಕೇಳ್ತೀನಿ. ಒಂದೇ ಸಲ ಆಗಿರೋ ತಪ್ಪಾದ್ರೆ ಬೈಂಡು ಹಾಕಿಸಿ ಸುಮ್ಮನಾಗ್ತೀನಿ. ಇದೇ ಅಭ್ಯಾಸ ಅಂತ ಗೊತ್ತಾದ್ರೆ, ಪರೀಕ್ಷೆ ಮುಗಿಯೋವರೆಗೂ ಪುಸ್ತಕದ ಬೀರು ಕಡೆ ನೀನು ತಲೆ ಹಾಕೋ ಹಾಗಿಲ್ಲ."

ಆ ಬೀರು ಬಿಟ್ಟರೆ ನನಗೆ ಕನ್ನಡ ಪುಸ್ತಕ ಕೊಡುವ ಜಾಗ ಇಡೀ ಬಂಗಾರಪೇಟೆಯಲ್ಲಿ ಇರಲಿಲ್ಲ. ಪರೀಕ್ಷೆಗೆ ಇನ್ನೂ ಅರ್ಧ ವರ್ಷವಿತ್ತು.

ಮುಂದಿನ ಭಾನುವಾರ ಕುಪ್ಪುಸ್ವಾಮಿ ಇಸ್ತ್ರಿ ಶರ್ಟು ಹಾಕಿಕೊಂಡು ಬಂದಿಳಿದ. ಸ್ಟೇಷನ್ನಿನಿಂದ ಹಾಸ್ಟೆಲ್ಲಿನವರೆಗೂ ಅವನಿಗೆ ಒಂದೇ ಮಾತು ಉರು ಹೊಡೆಸಿದೆ.

"ಏನು ಹೇಳ್ತೀಯ?"

"ಇದೊಂದೇ ಪುಸ್ತಕ ಸಾರ್. ಮುಂಚೆ ಯಾವತ್ತೂ ತಗೊಂಡಿಲ್ಲ ಸಾರ್."

"ಅದಕ್ಕಿಂತ ಒಂದು ಮಾತು ಜಾಸ್ತಿ ಆಡಬೇಡ."

"ನಾನೇನು ಕೂಸಾ? ಓಗ್ಲಾ."

ವಾರ್ಡನ್ ಕೇಳಿದರು, ಅವನು ಹೇಳಿದ. ಗೇಟಿನ ತಪಾಸಣೆಯನ್ನು ಕೈಯೆತ್ತಿ, ಬಾಯಿ ತೆರೆದು, ಕಾಲೆತ್ತಿ ಮಾಡಿಯೂ ತೋರಿಸಿದ. ಅವರು ನಕ್ಕುಬಿಟ್ಟರು. "ಇದೊಂದೇ ಪುಸ್ತಕ ಸಾರ್" ಅನ್ನುವುದೂ ಸರಿಯಾಗಿ ಬಂತು. ನಾನು ಉಸಿರು ಬಿಟ್ಟೆ. ಕೈ ಮುಗಿದು ಎದ್ದುಬಿಡಬೇಕು, ಅಷ್ಟರಲ್ಲಿ ಅವರು ಸುಮ್ಮನೆ ಮಾತಿಗೆ ಅಂತ ಕೇಳಿದರು:

"ಹೋಗಲಿ, ಪುಸ್ತಕ ಹೇಗಿತ್ತಪ್ಪಾ?"

ಗಂಡ ಸತ್ತವಳೊಬ್ಬಳು ಪೇಟೆಯಲ್ಲಿ ಇಡ್ಲಿ ಹೋಟೆಲು ಇಟ್ಟು, ಅವಳನ್ನು ಮನೆಯಿಂದ ಹೊರಹಾಕಿದ ಮೈದುನಂದಿರು ಅಲ್ಲಿಗೇ ತಿನ್ನಲು ಬರುವ ಕತೆ ಅದು. "ಚೆನ್ನಾಗಿತ್ತು ಸಾರ್" ಅಂದಿದ್ದರೆ ಮುಗಿಯುತ್ತಿತ್ತು. ಬೇರೆ ಯಾವ ಹುಡುಗನಾದರೂ ಅಷ್ಟೇ ಹೇಳುತ್ತಿದ್ದ.

"ಅರ್ಧ ಚೆನ್ನಾಗಿತ್ತು ಸಾರ್," ಅಂದ ಕುಪ್ಪುಸ್ವಾಮಿ. "ಕೊನೆಗೆ ಕೆಡಿಸಿದ್ದಾನೆ. ಅಷ್ಟು ಗಟ್ಟಿ ಹೆಂಗಸು ಹೋಟೆಲು ಮಾರ್ತಾಳಾ? ಬರೆದವನಿಗೆ ಮುಗಿಸೋ ಆತುರ."

"ಹಾಗಲ್ಲ," ಅಂತ ವಾರ್ಡನ್ ಕುರ್ಚಿ ಮುಂದಕ್ಕೆಳೆದುಕೊಂಡರು. "ಅವಳಿಗೆ ಸಾಕಾಗಿರುತ್ತೆ. ಆ ಹಬ್ಬದ ದಿನದ ಅಧ್ಯಾಯ ನೆನಪು ಮಾಡ್ಕೋ."

"ಸಾಕಾಗೋದು ಬೇರೆ, ಸೋಲೋದು ಬೇರೆ ಸಾರ್. ಆ ಕೆರೆ ಕಾಂಟ್ರಾಕ್ಟರನ ಕಾದಂಬರಿಲೂ ಅವನು ಹಿಂಗೇ ಮಾಡಿಲ್ವಾ?"

"ಅದನ್ನೂ ಓದಿದ್ದೀಯಾ?"

ನಾನು ಮೇಜಿನ ಕೆಳಗೆ ಅವನ ಕಾಲು ತುಳಿದೆ.

"ಎರಡು ಸಲ ಸಾರ್. ಏನ್ಲಾ, ಕಾಲು ಯಾಕೆ ತುಳೀತೀಯ?"

ಆಮೇಲೆ ಅವನನ್ನು ಹಿಡಿಯಲಾಗಲಿಲ್ಲ. ಶಾನುಭೋಗರ ಮನೆಯ ಕಳ್ಳತನದ ಪುಸ್ತಕ ಬಂತು. ಸರ್ಕಸ್ಸಿಗೆ ಓಡಿಹೋದ ಹುಡುಗಿಯದು ಬಂತು. ಇದು ಹಾಳೆ ದಂಡ ಸಾರ್, ಅದರ ಎರಡನೇ ಭಾಗ ತರಿಸಿ ಸಾರ್ ಅಂತ ಅವರಿಗೇ ಸಲಹೆ ಕೊಟ್ಟ. ವಾರ್ಡನ್ನೂ ಕಡಿಮೆಯಿರಲಿಲ್ಲ. ಬೀರುವಿನ ಬಾಗಿಲು ತೆಗೆದು ನಿಂತು, ಇದು ಓದಿದ್ದೀಯಾ, ಅದು ಓದಿದ್ದೀಯಾ ಅಂತ ಪುಸ್ತಕಗಳ ಬೆನ್ನು ಮುಟ್ಟಿ ಮುಟ್ಟಿ ಕೇಳಿದರು. ಅವನು ಓದಿದ್ದ. ನಾನೇ ಕೊಟ್ಟಿದ್ದೆ. ಅಡುಗೆಯವನಿಗೆ ಕೂಗಿ ಅವನಿಗೆ ಟೀ ತರಿಸಿದರು. ನನಗಿಲ್ಲ. ಮೂರು ವರ್ಷದಿಂದ ಆ ಬೀರುವಿನ ಮುಂದೆ ನಾನು ದಿನಾ ನಿಂತಿದ್ದೇನೆ. ಪುಸ್ತಕ ಹೇಗಿತ್ತು ಅಂತ ಅವರು ನನ್ನನ್ನು ಒಂದು ದಿನವೂ ಕೇಳಿದವರಲ್ಲ.

ಟೀ ಲೋಟ ಖಾಲಿಯಾದ ಮೇಲೆ ಅವರು ಬೀರುವಿಗೆ ಬೀಗ ಹಾಕಿದರು. ಮುಖ ಮತ್ತೆ ವಾರ್ಡನ್ ಮುಖವಾಯಿತು.

"ಬಚ್ಚಪ್ಪ, ಪರೀಕ್ಷೆ ಆಗೋವರೆಗೂ ನಿನಗೆ ಪುಸ್ತಕ ಇಲ್ಲ."

"ಸಾರ್…"

"ಹೇಳಿದ್ನಲ್ಲ ಮೊದಲೇ." ಕುಪ್ಪುಸ್ವಾಮಿಯ ಕಡೆ ತಿರುಗಿದರು. "ಹೊರಗಿನವರಿಗೆ ಪುಸ್ತಕ ಕೊಡೋ ಹಾಗಿಲ್ಲಪ್ಪ. ಆದರೆ ರಜಾ ಇದ್ದಾಗ ಬಂದು ಹೋಗ್ತಿರು. ಮಾತಾಡೋಣ."

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಅವನೇ ಮೊದಲು ಬಾಯಿ ಬಿಟ್ಟ.

"ನಿಮ್ಮ ವಾರ್ಡನ್ನು ಒಳ್ಳೆ ಮನುಷ್ಯ ಕಣ್ಲಾ. ನೀನು ಸುಮ್ನೆ ಎದರ್ಕೊಂಡಿದ್ದೆ."

"ನಿನಗೆ ಏನಾಯ್ತು ಅಂತಾದ್ರೂ ಗೊತ್ತಾ? ನನಗೆ ಪುಸ್ತಕ ಇಲ್ಲ. ನಿನಗೂ ಇಲ್ಲ. ಒಂದು ಮಾತು ಉರು ಹೊಡೆಸಿದ್ದೆ, ಒಂದೇ ಒಂದು."

"ಹೇಳಿದ್ನಲ್ಲಾ ಅದನ್ನ."

"ಹೇಳಿ ಆಮೇಲೆ ಇಡೀ ಬೀರು ಕಕ್ಕಿದೆ."

"ಯಾರೂ ಕೇಳಲ್ವಲ್ಲಾ ನನ್ನ. ಆ ವಯ್ಯ ಕೇಳಿದ್ರು," ಅಂದ. ನಾನೂ ಕೇಳುತ್ತಿದ್ದೆನಲ್ಲ ಅನ್ನಬಹುದಿತ್ತು. ಸಿಟ್ಟಿನಲ್ಲಿ ಅನ್ನಲಿಲ್ಲ.

ಪ್ಲಾಟ್‌ಫಾರಮ್ಮಿನ ಕಲ್ಲುಬೆಂಚಿನ ಮೇಲೆ ಕೂತೆವು. ಅವನೇ ಉಪಾಯ ತೆಗೆದ.

"ನಮ್ಮ ಯೂನಿಯನ್ ರೀಡಿಂಗ್ ರೂಮಲ್ಲಿ ಬೇಕಾದಷ್ಟು ಪುಸ್ತಕ ಐತೆ. ನನ್ನ ಹೆಸರಲ್ಲಿ ತಂದ್ಕೊಡ್ತೀನಿ."

"ಎಲ್ಲಾ ತಮಿಳು."

"ಕಲ್ತ್ಕೋ. ಮಾತು ಬರುತ್ತಲ್ಲ ನಿಂಗೆ. ಅಕ್ಷರ ತಾನೇ?"

ಆ ಬೀರುವಿನ ಅರ್ಧಕ್ಕಿಂತ ಹೆಚ್ಚು ಓದಿದ ನಾನು ಮತ್ತೆ ಒಂದನೇ ಕ್ಲಾಸಿಗೆ ಹೋಗಬೇಕಿತ್ತು. ಬೇಡ ಅನ್ನೋಣವೆಂದರೆ ಮುಂದಿನ ಭಾನುವಾರ ಏನು ಓದುವುದು?

"ಸರಿ, ಬರಿ," ಅಂದೆ.

ಹಳಿಯ ಪಕ್ಕದಿಂದ ಒಂದು ಇದ್ದಿಲು ಚೂರು ಎತ್ತಿಕೊಂಡು ಬಂದು ಬೆಂಚಿನ ಮೇಲೆ ಒಂದು ಅಕ್ಷರ ಬರೆದ. ನನಗೆ ಅದು ಸುತ್ತಿ ಬಿಸಾಕಿದ ಹಗ್ಗದ ಹಾಗೆ ಕಂಡಿತು. ಎರಡನೆಯದಕ್ಕೆ ಬಾಗಿದವನು ತಟ್ಟನೆ ನೆಟ್ಟಗಾದ.

"ಒಂದು ಕಾದಂಬರಿ ಐತೆ ಕಣ್ಲಾ. ನೀನು ಮೊದಲು ಅದನ್ನೇ ಓದ್ಬೇಕು. ಒಬ್ಬ ಪೋಸ್ಟ್‌ಮನ್ನು, ಹೆಂಡತಿ ತೀರ್ಕೊಂಡಿರ್ತಾಳೆ…"

"ಅಕ್ಷರ ಬರಿಯೋ!"

"ಬರೀತೀನಿ ಇರು. ಇದು ಕೇಳಿದ್ರೆ ನೀನೇ ಕಲೀತೀಯ. ಅವನಿಗೆ ಒಂದು ದಿನ ವಿಳಾಸ ಇಲ್ಲದ ಪಾರ್ಸಲ್ಲು ಸಿಗುತ್ತೆ…"

ಗಾಡಿ ಬರುವ ಹೊತ್ತಿಗೆ ಪೋಸ್ಟ್‌ಮನ್ನಿಗೆ ಎರಡನೇ ಮದುವೆಯೂ ಆಗಿತ್ತು. ನಾನಿನ್ನೂ ಮೊದಲನೇ ಅಕ್ಷರದಲ್ಲೇ ಇದ್ದೆ.